ಗಾದ್ರಕ್ಕನ ಗುಡಾಣದಲ್ಲಿ ತೇಲಿದ ಮೊಟ್ಟೆ

ಇವಳ ಕೈಲಿ ಆಗಲ್ಲ ಅಂತ ಮೊದಲು ಅಂದವನು ಅವಳ ಭಾವ ಕಾಟಯ್ಯ. ಆಮೇಲೆ ಊರೆಲ್ಲ ಅಂದಿತಂತೆ. ಅಂದವರನ್ನು ಮೊದಲು ಹೇಳಿಬಿಡಬೇಕು, ಕಥೆ ಆಮೇಲೆ.

ಬಹಳ ಹಿಂದೆ, ಬಂಡೆಗಳ ನಡುವಿನ ಒಂದೂರಿನಲ್ಲಿ ಗಾದ್ರಕ್ಕ ಎಂಬವಳಿದ್ದಳು. ಅವಳ ಗಂಡ ಮೊಳಕೆ ರಾಗಿಯಿಂದ ಹೆಂಡ ಮಾಡುತ್ತಿದ್ದ. ಅವನು ಸತ್ತ. ಅವನ ಒಲೆ, ಅವನ ಗುಡಾಣಗಳು ತನಗೆ ಸೇರಬೇಕು ಅಂದ ಅವನ ಅಣ್ಣ ಕಾಟಯ್ಯ. ಕೊಡುವುದಿಲ್ಲ ಅಂದಳು ಗಾದ್ರಕ್ಕ. ಕಣದ ಹಬ್ಬಕ್ಕೆ ಇಬ್ಬರೂ ಹೆಂಡ ಇಡಲಿ, ಯಾರ ಗುಡಾಣ ಮೊದಲು ಬರಿದಾಗುತ್ತದೋ ಒಲೆ ಅವರದು ಅಂದರು ಹಿರಿಯರು.

ಗಾದ್ರಕ್ಕನಿಗೆ ಕೆಲಸ ಗೊತ್ತಿತ್ತು, ಹದ ಗೊತ್ತಿರಲಿಲ್ಲ. ರಾಗಿ ಬೇಯಿಸಿ ಸೋಸಿದ ಸಿಹಿನೀರಿಗೆ ನೆಲಬೇವಿನ ಕಡ್ಡಿ ಹಾಕಿ ಕುದಿಸಬೇಕು. ಕಹಿಯಿಲ್ಲದಿದ್ದರೆ ಹೆಂಡ ಬೇಗ ಹುಳಿಯುತ್ತದೆ. ಆದರೆ ಅಷ್ಟೇ ಕಡ್ಡಿ ಹಾಕಿದರೂ ಒಂದು ಸಲ ಪಾಯಸದಂತೆ, ಇನ್ನೊಂದು ಸಲ ಬಾಣಂತಿಯ ಕಷಾಯದಂತೆ ಆಗುತ್ತಿತ್ತಂತೆ. ಕಡ್ಡಿ ಅಗಿದು ನೋಡಿದಳು, ನೀರು ನೆಕ್ಕಿ ನೋಡಿದಳು. ಯಾಕೆ ಹೀಗೆ? ಯಾರೂ ಹೇಳಲಿಲ್ಲ.

ಒಂದು ದಿನ ಅವಳ ಮಡಿಲಲ್ಲಿದ್ದ ಮೊಟ್ಟೆ ಜಾರಿ ಆರಿದ ಸಿಹಿನೀರಿಗೆ ಬಿತ್ತಂತೆ. ಬಿದ್ದದ್ದು ಮುಳುಗಲಿಲ್ಲ, ತಲೆ ಎತ್ತಿ ನಿಂತಿತು. ತೆಗೆದು ಬರೀ ನೀರಿಗೆ ಹಾಕಿದಳು, ತಳ ಸೇರಿತು. ಸಿಹಿನೀರಿಗೆ ನೀರು ಬೆರೆಸುತ್ತ ಹೋದಳು, ಮೊಟ್ಟೆ ಇಳಿಯುತ್ತ ಹೋಯಿತು. ಆಗ ತಿಳಿಯಿತಂತೆ: ಕಹಿಗೆ ತನ್ನದೇ ಅಳತೆಯಿಲ್ಲ, ಸಿಹಿಯೇ ಅದರ ಅಳತೆ. ಮೊಟ್ಟೆ ಮೇಲೆದ್ದರೆ ಸಿಹಿ ಜಾಸ್ತಿ, ಕಡ್ಡಿ ಹೆಚ್ಚು ಬೇಕು; ಕೆಳಗಿಳಿದರೆ ಕಡಿಮೆ ಸಾಕು. ಎಷ್ಟು ಮೇಲಕ್ಕೆ ಎಷ್ಟು ಕಡ್ಡಿ ಅಂತ ಅಗಿದಗಿದೇ ಕಂಡುಕೊಂಡಳು.

ಕಾಟಯ್ಯ ಬೇಲಿಯಾಚೆಯಿಂದ ಇದನ್ನೆಲ್ಲ ನೋಡಿದನಂತೆ. ಮನೆಗೆ ಹೋಗಿ ತಾನೂ ಬುಟ್ಟಿಯಿಂದ ಮೊಟ್ಟೆ ತಂದು ತನ್ನ ಸಿಹಿನೀರಿಗೆ ಬಿಟ್ಟ. ಚೆನ್ನಾಗಿ ತೇಲಿತು. ಹಿಡಿ ತುಂಬ ಕಡ್ಡಿ ಹಾಕಿದ.

ಕಣದ ಹಬ್ಬದಲ್ಲಿ ಅವನ ಹೆಂಡ ಕುಡಿದವರು ಉಗಿದರಂತೆ. ಜ್ವರ ಬಂದವರಿಗೆ ಮೊದಲು ಕುಡಿಸಪ್ಪ, ನಾವು ಆಮೇಲೆ ಬರ್ತೀವಿ ಅಂದನಂತೆ ಒಬ್ಬ. ಗಾದ್ರಕ್ಕನ ಗುಡಾಣ ಮಗುಚಿಟ್ಟರೂ ತೊಟ್ಟಿಕ್ಕಲಿಲ್ಲ.

"ನನ್ನ ಮೊಟ್ಟೇನೂ ತೇಲಿತ್ತಲ್ಲೇ, ಗಾದ್ರಿ," ಅಂದ ಕಾಟಯ್ಯ.

"ಅದನ್ನ ಬರೀ ನೀರಿಗೆ ಹಾಕಿ ನೋಡು, ಭಾವ."

ಹಾಕಿದ. ಬರೀ ನೀರಲ್ಲೂ ತೇಲಿತು. ಕಾವಿಗೆ ಕೂತ ಕೋಳಿಯೂ ಬಿಟ್ಟೆದ್ದುಹೋದ ಹಳೇ ಮೊಟ್ಟೆ ಅದು, ಎಲ್ಲಿ ಬಿಟ್ಟರೂ ತೇಲುವಂಥದ್ದು. ಅವನ ಸಿಹಿನೀರು ತೆಳ್ಳಗೇ ಇತ್ತು.

ಅಂದಿನಿಂದ ಆ ಕಡೆ ಹೆಂಡಕ್ಕೆ ಒಲೆ ಹೂಡುವ ಹೆಂಗಸರು ಅವತ್ತೇ ಇಟ್ಟ ಮೊಟ್ಟೆಯನ್ನೇ ಸಿಹಿನೀರಿಗೆ ಬಿಡುತ್ತಾರೆ. ಬಿಡುವ ಮುಂಚೆ ಬರೀ ನೀರಲ್ಲಿ ಮುಳುಗುತ್ತದೋ ಅಂತ ನೋಡುತ್ತಾರೆ. ಬೇರೆ ದೇವರಿಗೆ ಬೆಲ್ಲ. ಗಾದ್ರಕ್ಕನ ಹೆಸರಲ್ಲಿ ನೆಟ್ಟು ಪೂಜಿಸುವ ಕಲ್ಲಿಗೆ ಮಾತ್ರ ನೆಲಬೇವಿನ ಕಡ್ಡಿ. ಯಾಕೆಂದರೆ, ಕಹಿ ಅಗಿದಗಿದು ಅವಳ ನಾಲಿಗೆಯಿಂದ ಸಿಹಿ ಹೊರಟೇ ಹೋಯಿತಂತೆ. ಕಬ್ಬು ಕೊಟ್ಟರೂ ಬೇವು ಅನ್ನುತ್ತಿದ್ದಳಂತೆ. ಒಲೆ ಅವಳದಾಯಿತು, ಗುಡಾಣಗಳೂ ಅವಳವಾದವು. ಈಗ ಆ ಕಲ್ಲೂ ಅವಳದೇ. ಅದಕ್ಕೆಲ್ಲ ಅವಳು ಬೆಲೆಯಾಗಿ ಕೊಟ್ಟದ್ದು ಬೆಲ್ಲದ ರುಚಿ.