ನೀಲಮ್ಮ ತಾಯಿಯ ಕೊಡ

ನೀಲಮ್ಮ ತಾಯಿಗೆ ಈಚೆಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಮಾತಿನ ನಡುವೆ, ಜಪದ ನಡುವೆ, ಎಡಗೈಯಿಂದ ಬಲತೋಳಿನ ರುದ್ರಾಕ್ಷಿ ಸರವನ್ನು ಮೇಲಕ್ಕೆ ನೂಕುತ್ತಿದ್ದರು. ಅದು ಮೊಣಕೈವರೆಗೆ ಜಾರುತ್ತಿತ್ತು. ಮತ್ತೆ ನೂಕುತ್ತಿದ್ದರು.

ಅವರ ಗುರುಗಳು ಕಟ್ಟಿದ ಸರ ಅದು. ಒಂದು ಕಾಲಕ್ಕೆ ತೋಳಿನಲ್ಲಿ ಹೂತಂತೆ ಕೂತಿರುತ್ತಿತ್ತು. ಬಿಚ್ಚಿದರೆ ಮಣಿಗಳ ಗುರುತು ಸಂಜೆಯವರೆಗೂ ಮಾಸುತ್ತಿರಲಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ಇದನ್ನು ಮೊದಲು ಕಂಡವಳು ಶಿಷ್ಯೆ ದಾಕ್ಷಾಯಿಣಿ. ಅವಳಿಗೆ ಬಾಯಿ ಕಡಿಮೆ, ಕಣ್ಣು ಜಾಸ್ತಿ.

"ತಾಯೀ, ದಾರ ಸಡಿಲಾಗಿದೆ. ಬಿಗಿ ಮಾಡಿಕೊಡಲಾ?"

"ದಾರ ಇದ್ದ ಹಾಗೇ ಇದೆಯಲ್ಲ" ಅಂದರು ತಾಯಿ.

ಅವಳು ಗಂಟು ಬಿಚ್ಚಿ ಬಿಗಿ ಮಾಡಿದಳು. ಸ್ವಲ್ಪ ದಿನಕ್ಕೆ ಸರ ಮತ್ತೆ ಜಾರಿತು. ಮತ್ತೆ ಬಿಗಿ ಮಾಡಿದಳು.

"ಹೀಗೇ ಮಾಡ್ತಾ ಹೋಗು. ಕೊನೆಗೆ ಬೆರಳಿಗೆ ಉಂಗುರ ಆಗುತ್ತೆ."

ದಾಕ್ಷಾಯಿಣಿಗೆ ನಗು ಬರಲಿಲ್ಲ.

ಹೋದ ಬೇಸಿಗೆಯಲ್ಲಿ ತಾಯಿ ಹೊಳೆಯ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದಿದ್ದರು. ಪೇಟೆಯ ಡಾಕ್ಟರು ರಕ್ತ ನೋಡಿ ಸಕ್ಕರೆ ಕಾಯಿಲೆ ಅಂದರು. ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಮೈಯಲ್ಲಿದೆ ಅಂದರು.

"ಹೇಳದೆ ಬಂದು ಉಳಿದುಕೊಂಡ ನೆಂಟ" ಎಂದು ತಾಯಿ ಮಾತ್ರೆ ನುಂಗಿದರು. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು.

ಅಂದಿನಿಂದ ದಾಕ್ಷಾಯಿಣಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ತಾಯಿ ಕಣ್ಣೆತ್ತಿದರೆ ನೀರು ಬಂತು. ಕೈ ಚಾಚುವ ಮೊದಲೇ ಪುಸ್ತಕ ಬಂತು. ನೆಲದ ಚಾಪೆ ಹೋಗಿ ಎತ್ತರದ ಕುರ್ಚಿ ಬಂತು. ತಾಯಿ ಏಳಬೇಕು ಅಂದುಕೊಳ್ಳುವಷ್ಟರಲ್ಲಿ ಅವಳ ಎರಡೂ ಕೈಗಳು ಅವರ ಕಂಕುಳ ಕೆಳಗೆ ಇರುತ್ತಿದ್ದವು.

ಊಟದ ಕಥೆಯೂ ಅದೇ. ಮೊದಲು ಬೆಲ್ಲ ಹೋಯಿತು. ಆಮೇಲೆ ಅನ್ನ ಹೋಯಿತು. ಯಾರೋ ಹೆದರಿಸಿದರೆಂದು ಬೇಳೆ ಹೋಯಿತು, ಹಾಲು ಹೋಯಿತು. ಉಳಿದದ್ದು ಅರ್ಧ ರೊಟ್ಟಿ, ಒಂದಿಷ್ಟು ಸೊಪ್ಪು.

"ಗುಬ್ಬಿಗೆ ಹಾಕೋದು ಇದಕ್ಕಿಂತ ಜಾಸ್ತಿ" ಎಂದು ಅಡುಗೆಯ ಸಾವಂತ್ರಕ್ಕ ಗೊಣಗಿದಳು.

"ಸಕ್ಕರೆ ಇಳಿದಿದೆಯಲ್ಲ ಅಕ್ಕ."

"ಇಳೀದೆ ಏನು ಮಾಡೀತು? ಒಲೆಗೆ ಸೌದೆನೇ ಇಡದಿದ್ದರೆ ಹೊಗೆ ಎಲ್ಲಿಂದ ಬರಬೇಕು?"

ಆ ಆಶ್ರಮದಲ್ಲಿ ಒಂದು ಕಟ್ಟಳೆ ಇತ್ತು. ಪೂಜೆಯ ನೀರನ್ನು ಪೂಜೆ ಮಾಡುವವರೇ ಹೊಳೆಯಿಂದ ತರಬೇಕು. ತಾಯಿಯ ಗುರುಗಳು ಕೊನೆಯವರೆಗೂ ತಮ್ಮ ನೀರನ್ನು ತಾವೇ ತಂದಿದ್ದರು. ತಾಯಿಯೂ ತರುತ್ತಿದ್ದರು. ಕುಸಿದ ದಿನದಿಂದ ಅವರ ತಾಮ್ರದ ಪುಟ್ಟ ಕೊಡವನ್ನು ದಾಕ್ಷಾಯಿಣಿ ಹೊರತೊಡಗಿದಳು.

ತಾಯಿ ಮೊದಮೊದಲು ಬೇಡ ಅಂದರು. ಹುಡುಗಿಯ ಕಣ್ಣು ತುಂಬಿದ್ದು ನೋಡಿ ಸುಮ್ಮನಾದರು.

ಮಳೆಗಾಲ ಕಳೆದ ಮೇಲೆ ಡಾಕ್ಟರು ಮತ್ತೆ ನೋಡಿದರು. ತಮ್ಮ ಬೆರಳುಗಳನ್ನು ತಾಯಿಯ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡಿಯಿರಿ ಅಂದರು. ಕೈಕಟ್ಟಿಕೊಂಡು ಕುರ್ಚಿಯಿಂದ ಏಳಿ ಅಂದರು.

ತಾಯಿಗೆ ಏಳಲಾಗಲಿಲ್ಲ.

ಡಾಕ್ಟರು ದಾಕ್ಷಾಯಿಣಿಯ ಕಡೆ ತಿರುಗಿದರು. "ಸಕ್ಕರೆ ಇಳಿದಿದೆ. ಮೈಯೂ ಇಳಿದಿದೆ. ವಯಸ್ಸಾದವರಲ್ಲಿ ಈ ಕಾಯಿಲೆ ತೊಡೆ ತೋಳುಗಳ ಬಲವನ್ನ ಮೆಲ್ಲಗೆ ಕರಗಿಸುತ್ತೆ. ನೀವೂ ಅದರ ಜೊತೆ ಸೇರಿಕೊಳ್ಳಬೇಡಿ. ಬೇಳೆ, ಕಾಳು, ಹಾಲು ಕೊಡಿ. ಅವರೇ ನಡೆಯಲಿ, ಅವರೇ ಕೂತು ಏಳಲಿ, ಕೈಲಾದಷ್ಟು ಭಾರ ಎತ್ತಲಿ."

"ಬಿದ್ದರೆ?"

"ಏಳೋಕೆ ಬಲ ಇಲ್ಲದವರೇ ಬೇಗ ಬೀಳೋದು."

ಆಶ್ರಮಕ್ಕೆ ಮರಳುವ ದಾರಿಯುದ್ದಕ್ಕೂ ದಾಕ್ಷಾಯಿಣಿಯ ಕಿವಿಯಲ್ಲಿ ಉಳಿದದ್ದು ಆ ಕೊನೆಯ ಮಾತು ಒಂದೇ. ಬೀಳೋದು.

ಬೇಳೆ ಬಂತು, ಹಾಲು ಬಂತು. ಕಂಕುಳ ಕೆಳಗಿನ ಕೈ ಮಾತ್ರ ಹೋಗಲಿಲ್ಲ.

ಒಂದು ಸಂಜೆ ಧ್ಯಾನಕ್ಕೆ ಕೂತವಳು ತಾಯಿಯ ಕುರ್ಚಿ ಕಿರ್ರೆಂದರೆ ಎದ್ದಳು, ಸೆರಗು ಸರಿದರೆ ಎದ್ದಳು, ಏನೂ ಆಗದಿದ್ದಾಗಲೂ ಎದ್ದಳು. ಕೊನೆಗೆ ತಾಯಿಯ ಪಾದದ ಬಳಿ ಬಂದು ಕೂತಳು.

"ತಾಯೀ, ಮನಸ್ಸು ನಿಲ್ಲುತ್ತಿಲ್ಲ. ಕಣ್ಣು ಮುಚ್ಚಿದರೆ ನೀವು ಬೀಳೋದೇ ಕಾಣುತ್ತೆ. ಏನು ಮಾಡಲಿ?"

"ಇವತ್ತು ಎಷ್ಟು ಸಲ ಎದ್ದೆ?"

"ಲೆಕ್ಕ ಇಟ್ಟಿಲ್ಲ."

"ನಾನು ಒಂದು ಸಲವೂ ಏಳಲಿಲ್ಲ. ನನ್ನ ಪಾಲಿನದನ್ನೂ ನೀನೇ ಎದ್ದುಬಿಟ್ಟೆ."

ದಾಕ್ಷಾಯಿಣಿ ತಲೆ ತಗ್ಗಿಸಿದಳು. "ಅದು ನನ್ನ ಸೇವೆ, ತಾಯೀ."

"ಹೌದಾ? ಹಾಗಾದರೆ ನಾಳೆ ನೀನು ಗುರು, ನಾನು ಶಿಷ್ಯೆ. ನೀನು ಕುರ್ಚಿಯಿಂದ ಏಳಕೂಡದು. ಈ ನಿಯಮ ನನ್ನದಲ್ಲ, ನೀನು ತಂದದ್ದು."

ಬೆಳಗಾಯಿತು. ದಾಕ್ಷಾಯಿಣಿ ಪಡಸಾಲೆಯ ಕುರ್ಚಿಯ ಮೇಲೆ ಕಾಲು ಮಡಿಚಿ ಕೂತಳು.

ತಾಯಿ ಗೋಡೆ ಹಿಡಿದು ಒಳಗೆ ಹೋದರು. ಗೋಡೆ ಹಿಡಿದು ಹೊರಗೆ ಬಂದರು. ಲೋಟದ ನೀರು ಅರ್ಧ ದಾರಿಯಲ್ಲೇ ಚೆಲ್ಲಿತ್ತು.

"ಕುಡಿಯಿರಿ, ಗುರುಗಳೇ."

ಅವಳು ಲೋಟವನ್ನು ತೊಡೆಯ ಮೇಲೆ ಹಿಡಿದುಕೊಂಡಳು.

ತಾಯಿ ಅಂಗಳದಲ್ಲಿ ಕಸಬರಿಗೆ ಆಡಿಸಿದರು, ನಿಂತು ಉಸಿರು ತಗೊಂಡರು. ಒಣಗಿದ ಬಟ್ಟೆ ಮಡಿಚಿದರು, ಕಂಬಕ್ಕೆ ಒರಗಿ ಉಸಿರು ತಗೊಂಡರು. ತಾಯಿ ಒಂದು ಹೆಜ್ಜೆ ಇಟ್ಟರೆ ದಾಕ್ಷಾಯಿಣಿಯ ಎದೆ ಎರಡು ಸಲ ಹೊಡೆದುಕೊಂಡಿತು. ಅವಳು ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೊಸ ಗುರುಗಳ ಕುರ್ಚಿಯಲ್ಲಿ ಮುಳ್ಳಿದೆಯೇನೋ" ಅಂದಳು ಸಾವಂತ್ರಕ್ಕ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಬಿಸಿಲೇರುವ ಹೊತ್ತಿಗೆ ತಾಯಿ ಮೂಲೆಯಲ್ಲಿದ್ದ ತಾಮ್ರದ ಕೊಡವನ್ನು ಕೈಗೆತ್ತಿಕೊಂಡರು.

"ಪೂಜೆಗೆ ನೀರು ತರ್ತೀನಿ, ಗುರುಗಳೇ."

"ಬೇಡ ತಾಯೀ. ಮೆಟ್ಟಿಲು ಬೇಡ."

"ಶಿಷ್ಯೆ ನೀರು ತರೋದು ಬೇಡ ಅನ್ನೋ ಗುರುವನ್ನ ನಾನು ನೋಡಿಲ್ಲ."

"ಸಾವಂತ್ರಕ್ಕ, ನೀವಾದರೂ ಜೊತೆಗೆ ಹೋಗಿ."

"ಅವಳಿಗೆ ರೊಟ್ಟಿ ತಟ್ಟೋದಿದೆ" ಎಂದು ತಾಯಿ ಹೊರಟೇಬಿಟ್ಟರು.

ಹೊಳೆಯ ಮೆಟ್ಟಿಲು ಕುರ್ಚಿಯಿಂದ ಕಾಣುತ್ತಿರಲಿಲ್ಲ. ಕೊಡದ ಸದ್ದು ಕೇಳುತ್ತಿತ್ತು. ಕಲ್ಲಿಗೆ ತಾಕಿ ಠಣ್ ಅಂದಿತು. ಸ್ವಲ್ಪ ಕೆಳಗೆ ಮತ್ತೊಂದು ಸಲ ಠಣ್ ಅಂದಿತು. ಆಮೇಲೆ ನೀರು ತುಂಬುವ ಸದ್ದು.

ಆಮೇಲೆ ಕೊಡ ಕಲ್ಲಿನ ಮೇಲೆ ಒಮ್ಮೆ ಜೋರಾಗಿ ಬಡಿಯಿತು. ಅಷ್ಟೇ. ಮುಂದೆ ಹೊಳೆಯ ಸದ್ದು ಮಾತ್ರ.

ದಾಕ್ಷಾಯಿಣಿ ಕಾದಳು. ಉಸಿರು ಬಿಗಿಹಿಡಿದು ಕಾದಳು. ತಾಯಿ ಮೆಟ್ಟಿಲು ಹತ್ತಿ ಬರುತ್ತಿರುವ ಸದ್ದಿಲ್ಲ.

ನಿಯಮ ಹಾಳಾಗಿ ಹೋಗಲಿ ಎಂದು ಕುರ್ಚಿಯಿಂದ ಧುಮುಕಿದಳು.

ಬೆಳಗಿನಿಂದ ಮಡಿಚಿದ ಕಾಲುಗಳು ಜೋಮು ಹಿಡಿದಿದ್ದವು. ಅವು ಅವಳ ಮಾತು ಕೇಳಲಿಲ್ಲ. ಹೊಸ್ತಿಲು ದಾಟುವಾಗ ಮುಗ್ಗರಿಸಿ ಮಂಡಿಯೂರಿ ಬಿದ್ದಳು. ಎದ್ದು, ಕುಂಟುತ್ತ, ದಂಡೆಗೆ ಓಡಿದಳು.

ತಾಯಿ ನಡುಮೆಟ್ಟಿಲ ಮೇಲೆ ಕೂತಿದ್ದರು. ಸೀರೆಯ ಅಂಚು ಒದ್ದೆ. ಪಕ್ಕದಲ್ಲಿ ಕೊಡ ನೆಟ್ಟಗೆ ನಿಂತಿತ್ತು, ಅರ್ಧ ತುಂಬಿತ್ತು. ತಾಯಿ ಏದುಸಿರು ಬಿಡುತ್ತಿದ್ದರು.

"ಬಿದ್ದಿರಾ ತಾಯೀ?"

"ಇಲ್ಲ. ಕೂತೆ."

"ತಲೆ ಸುತ್ತುತ್ತಾ?"

"ಇಲ್ಲ. ಕಾಲು ಸೋತವು, ಅಷ್ಟೇ."

"ಏಳೋಕೆ ಆಗ್ತಿಲ್ವಾ?"

"ಇನ್ನೂ ನೋಡಿಲ್ಲ." ತಾಯಿ ಅವಳ ಕಡೆ ನೋಡಿದರು. "ನಿನ್ನ ಮಂಡಿ ಯಾಕೆ ತರಚಿದೆ?"

"ಬಿದ್ದೆ."

"ಆಮೇಲೆ?"

"ಎದ್ದೆ."

"ಯಾರು ಎಬ್ಬಿಸಿದರು?"

ದಾಕ್ಷಾಯಿಣಿ ಹೊಳೆಯ ಕಡೆ ನೋಡಿದಳು. ನೀರು ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ಅವಳ ಒಳಗೆ ಏನೋ ಇನ್ನೂ ಓಡುತ್ತಲೇ ಇತ್ತು.

"ತಾಯೀ, ನಿಮಗೆ ಏನಾದರೂ ಆದರೆ ನನ್ನ ಗತಿ ಏನು?"

"ಅದಕ್ಕೇ ನನ್ನನ್ನ ಕುರ್ಚಿಗೆ ಕಟ್ಟಿಹಾಕಿದ್ದಾ?"

ದಾಕ್ಷಾಯಿಣಿ ಮೆಟ್ಟಿಲಿಳಿದು ಅವರ ಪಕ್ಕ ಬಂದು ನಿಂತಳು.

"ನಾನೂ ಕಟ್ಟಿಸಿಕೊಂಡೆ. ಸುಖವಾಗಿತ್ತು. ತಪ್ಪು ನಿನ್ನೊಬ್ಬಳದೇ ಅಲ್ಲ."

ತಾಯಿ ರುದ್ರಾಕ್ಷಿ ಸರವನ್ನು ಮೇಲಕ್ಕೆ ನೂಕಿದರು. ಅದು ಜಾರಿ ಮೊಣಕೈಗೆ ಬಂತು. ಈ ಸಲ ಅದನ್ನು ಅಲ್ಲೇ ಬಿಟ್ಟರು.

ಒಂದು ಅಂಗೈಯನ್ನು ಕಲ್ಲಿನ ಮೇಲೆ ಊರಿದರು. ಇನ್ನೊಂದನ್ನು ಮಂಡಿಯ ಮೇಲೆ ಇಟ್ಟರು. ಮುಂದಕ್ಕೆ ಬಾಗಿದರು. ಒಂದು ಗೇಣು ಎದ್ದು, ಮತ್ತೆ ಕೂತರು.

ಕಣ್ಣು ಮುಚ್ಚಿ ಉಸಿರು ತಗೊಂಡರು. ಪಾದಗಳನ್ನು ಹತ್ತಿರಕ್ಕೆ ಎಳೆದುಕೊಂಡರು. ಮತ್ತೆ ಬಾಗಿದರು.

ಈ ಸಲ ಇನ್ನೂ ಸ್ವಲ್ಪ ಮೇಲೆ ಬಂದರು. ತೊಡೆಗಳು ನಡುಗುತ್ತಿದ್ದವು. ಹಣೆಯಿಂದ ಬೆವರಿನ ಒಂದು ಹನಿ ಕಲ್ಲಿನ ಮೇಲೆ ಬಿತ್ತು. ಅತ್ತ ಕೂರಲೂ ಇಲ್ಲ, ಇತ್ತ ನಿಲ್ಲಲೂ ಇಲ್ಲ, ನಡುವೆ ಎಲ್ಲೋ ಇದ್ದರು.

ದಾಕ್ಷಾಯಿಣಿಯ ಕೈ ತಾನಾಗಿಯೇ ಚಾಚಿತು. ತಾಯಿಯ ಕಂಕುಳಿಗೆ ಇನ್ನು ನಾಲ್ಕು ಬೆರಳಷ್ಟೇ ದೂರ.

ತಾಯಿ ಅವಳ ಕಡೆ ತಿರುಗಲಿಲ್ಲ.

"ದಾಕ್ಷಾಯಿಣಿ, ಆ ಕೈಯನ್ನ ಸ್ವಲ್ಪ ಹೊತ್ತು ನಿನ್ನ ಹತ್ತಿರವೇ ಇಟ್ಟುಕೊಳ್ತೀಯಾ?"