ಅಣ್ಣನನ್ನು ಹೊತ್ತ ತಮ್ಮ

"ಬುದ್ಧೀ, ಸೇವೆ ಮಾಡುವವನನ್ನು ಅನುಮಾನಿಸುವುದು ಸರಿಯೇ?" ಎಂದು ಪಂಚಯ್ಯ ಕೇಳಿದ.

"ಯಾರು ಯಾರನ್ನು ಅನುಮಾನಿಸಿದರು?" ಎಂದರು ಗುರುಗಳು.

ಮಠದ ಗೋಡೆಗೆ ಸುಣ್ಣ ಹಚ್ಚುವಾಗ ಏಣಿಯಿಂದ ಬಿದ್ದ ಗುರುಬಾಳ ಎಂಬವನು ಮಠದ ಒಂದು ಕೋಣೆಯಲ್ಲಿದ್ದ. ಅವನ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಅವನ ಆರೈಕೆಯನ್ನು ಪಂಚಯ್ಯ ತಾನೇ ಕೇಳಿ ವಹಿಸಿಕೊಂಡಿದ್ದ.

"ಗುರುಬಾಳನೇ ನನ್ನನ್ನು ಅನುಮಾನಿಸುತ್ತಾನೆ. ನಾನೇ ಎತ್ತುತ್ತೇನೆ, ನಾನೇ ಸ್ನಾನ ಮಾಡಿಸುತ್ತೇನೆ. ಒಂದು ದಿನವೂ ಮುಖ ಸಿಂಡರಿಸಿದವನಲ್ಲ. ಆದರೂ ನಾನು ಕೋಣೆಯೊಳಗೆ ಕಾಲಿಟ್ಟರೆ ಕಳ್ಳ ಬಂದ ಹಾಗೆ ನೋಡುತ್ತಾನೆ. ನನ್ನಿಂದ ಏನು ತಪ್ಪಾಯಿತು?"

"ತಪ್ಪಿನ ಮಾತು ಆಮೇಲೆ. ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಮೆಣಸಿನಕಾಯಿ ವರ್ತಕನಿದ್ದ. ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ಮಾರಲು ಬಂದವರು ಚೀಲದ ಬಾಯಿ ಬಿಚ್ಚಿ ಮೇಲಿನ ಕೆಂಪು ಕಾಯಿ ತೋರಿಸಿದರೆ ಅವನು ಅದರತ್ತ ಕಣ್ಣೂ ಹಾಯಿಸುತ್ತಿರಲಿಲ್ಲ. ತೋಳನ್ನು ಮೊಣಕೈವರೆಗೆ ಚೀಲದೊಳಕ್ಕೆ ತೂರಿಸಿ, ತಳದಿಂದ ಒಂದು ಹಿಡಿ ಎಳೆದು, ಹಿಸುಕಿ ಮೂಸುತ್ತಿದ್ದ. ತೂಕ ಏರಲಿ ಎಂದು ನೀರು ಚಿಮುಕಿಸಿದ ಕಾಯಿ ತಳದಲ್ಲಿ ಬೆವೆತಿರುತ್ತದೆ. "ಮೇಲಿನದು ನನಗೆ ತೋರಿಸಲು ತಂದದ್ದು, ಕೆಳಗಿನದು ನನಗೆ ಮಾರಲು ತಂದದ್ದು" ಎನ್ನುತ್ತಿದ್ದ. ಅವನ ತೋಳು ಸದಾ ಉರಿಯುತ್ತಿತ್ತು. ಮೋಸ ಹೋಗುವ ಉರಿಗಿಂತ ಈ ಉರಿ ವಾಸಿ ಎಂದು ಅವನ ಲೆಕ್ಕ.

ಒಂದು ದಿನ ಅವನು ಗೋದಾಮಿನಲ್ಲಿ ಒಟ್ಟಿದ ಚೀಲಗಳ ಮೇಲೆ ಹತ್ತಿ, ಕೆಳಸಾಲಿನ ಚೀಲಕ್ಕೆ ಕೈಹಾಕಲು ಬಗ್ಗಿದ. ಒಟ್ಟು ಜಾರಿತು. ಅವನು ಬಿದ್ದ. ಅವನ ಮೇಲೆ ಚೀಲಗಳು ಬಿದ್ದವು. ಪ್ರಾಣ ಉಳಿಯಿತು, ಕಾಲುಗಳು ಉಳಿಯಲಿಲ್ಲ. ಬೆನ್ನುಹುರಿಗೆ ಪೆಟ್ಟಾಗಿದೆ, ಕಾಲಿನ ಸ್ವಾಧೀನ ಮತ್ತೆ ಬರುವುದಿಲ್ಲ ಎಂದು ವೈದ್ಯರು ನೇರವಾಗಿ ಹೇಳಿದರು. ವರ್ತಕನಿಗೆ ನೇರ ಮಾತು ಹಿಡಿಸುತ್ತಿತ್ತು. ಆವತ್ತು ಹಿಡಿಸಲಿಲ್ಲ.

ಅವನ ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಒಬ್ಬ ತಮ್ಮನಿದ್ದ. ಆ ತಮ್ಮ ಪಕ್ಕದ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೆಣಸಿನಕಾಯಿ ಸಾಹುಕಾರರ ತಮ್ಮ ಎಂದರೆ, ಓಹೋ ಎನ್ನುತ್ತಿದ್ದರು. ಸುದ್ದಿ ತಿಳಿದ ದಿನವೇ ಅವನು ಕೆಲಸ ಬಿಟ್ಟು ಓಡಿ ಬಂದ.

ಮನೆಯಿಂದ ಅಂಗಡಿಗೆ ಒಂದೇ ಬೀದಿ. ದಿನಾ ಬೆಳಿಗ್ಗೆ ತಮ್ಮ ಅಣ್ಣನನ್ನು ಎರಡು ತೋಳಲ್ಲಿ ಎತ್ತಿಕೊಂಡು ಆ ಬೀದಿಯಲ್ಲಿ ನಡೆದು ಹೋಗುತ್ತಿದ್ದ. ಸಂಜೆ ಹಾಗೆಯೇ ಎತ್ತಿ ತರುತ್ತಿದ್ದ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. "ಒಡಹುಟ್ಟಿದವರು ಅಂದರೆ ಹೀಗಿರಬೇಕು ಕಣ್ರೀ" ಎಂದು ಹೆಂಗಸರು ತಮ್ಮ ಗಂಡಂದಿರಿಗೆ ಕೇಳಿಸುವಂತೆ ಹೇಳುತ್ತಿದ್ದರು. ಗಾಲಿಕುರ್ಚಿ ತರಿಸೋಣವೆಂದು ಯಾರೋ ಸೂಚಿಸಿದಾಗ ತಮ್ಮ ನೊಂದುಕೊಂಡ. "ನನ್ನ ತೋಳು ಬಿದ್ದು ಹೋಗಿದೆಯೇ?" ಎಂದ.

ವರ್ತಕ ಅವನ ತೋಳಲ್ಲಿ ಮಲಗಿ ಯೋಚಿಸುತ್ತಿದ್ದ. ಮೇಲಿನ ಕಾಯಿ ಇಷ್ಟು ಕೆಂಪಗಿರುವ ಚೀಲವನ್ನು ತಾನು ನೋಡಿದ್ದಿಲ್ಲ. ಹಾಗಾದರೆ ತಳದಲ್ಲಿ ಏನಿದೆ?

ಅಂಗಡಿ ಇರಬೇಕು ಎಂದು ಮೊದಲು ಅನುಮಾನಿಸಿದ. ಮಕ್ಕಳಿಲ್ಲದವನ ಅಂಗಡಿ, ಯಾರಿಗೆ ಬೇಡ? ತಮ್ಮ ಇಲ್ಲದ ಹೊತ್ತಿನಲ್ಲಿ ಗುಮಾಸ್ತನನ್ನು ಕೆದಕಿದ. ಕೊಂಡವರನ್ನು ಕರೆಸಿ ಕೇಳಿದ. ದಲಾಲರ ಬಾಯಿ ಬಿಡಿಸಿದ. ಒಂದು ಕಾಯಿಯೂ ಆಚೀಚೆ ಆಗಿರಲಿಲ್ಲ. ವರ್ತಕನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೆ ಅನುಮಾನ ಹೋಗಲಿಲ್ಲ. ಇಲ್ಲವೆಂದು ಗೊತ್ತಾದದ್ದು ಅಂಗಡಿಯ ಆಸೆ ಮಾತ್ರ. ತಳ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಜ್ವರ ಬಂತು. ಬಿಡಲಿಲ್ಲ. ತಮ್ಮ ಅವನ ಹಣೆಗೆ ಒದ್ದೆಬಟ್ಟೆ ಹಾಕಿದ, ಹರಕೆ ಹೊತ್ತ. ವೈದ್ಯರು ಬಂದು ವರ್ತಕನನ್ನು ಮಗ್ಗುಲಿಗೆ ಹೊರಳಿಸಿ ನೋಡಿದವರೇ ತಮ್ಮನ ಮೇಲೆ ರೇಗಿದರು. ಬೆನ್ನುಹುರಿಗೆ ಪೆಟ್ಟಾದವರಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದನ್ನು ಕಲಿಸುವ ಒಂದು ಕೇಂದ್ರ ದೂರದ ಪಟ್ಟಣದಲ್ಲಿತ್ತು. ಇವತ್ತೇ ಅಲ್ಲಿಗೆ ಕರೆದೊಯ್ಯಿರಿ ಎಂದರು.

ಆ ಕೇಂದ್ರದಲ್ಲಿ ಕಲಿಸುವವನೂ ಗಾಲಿಕುರ್ಚಿಯಲ್ಲೇ ಇದ್ದ. ಅವನು ವರ್ತಕನ ಕೈಗೆ ಒಂದು ಕನ್ನಡಿ ಕೊಟ್ಟ. ಹೇಗೆ ಹಿಡಿದು ತನ್ನ ಹಿಂಬದಿಯನ್ನು ತಾನೇ ನೋಡಿಕೊಳ್ಳಬೇಕೆಂದು ತೋರಿಸಿದ. ವರ್ತಕ ನೋಡಿದ. ಟೊಂಕದ ಕೆಳಗೆ ಅಂಗೈಯಗಲದ ಹುಣ್ಣು. ಅದಕ್ಕೆ ಯಾರೋ ಬಹಳ ದಿನದಿಂದ ಅಚ್ಚುಕಟ್ಟಾಗಿ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತಿದ್ದರು.

"ತಮ್ಮಾ, ಇದು ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು ಅಣ್ಣಾ. ಸ್ನಾನ ಮಾಡಿಸುವಾಗ ಮೊದಲ ಸಲ ಕಂಡಾಗ ಕೆಂಪಗಿತ್ತು ಅಷ್ಟೇ. ಹೇಳಿದರೆ ನಿನಗೆ ನೋವಾಗುತ್ತದೆ ಎಂದು ಹೇಳಲಿಲ್ಲ."

"ನೋವಾಗುವ ಮೈ ಅಲ್ಲವಲ್ಲೋ ಅದು! ನೋವಾಗಿದ್ದರೆ ನಿನ್ನನ್ನು ಯಾಕೆ ಕೇಳಬೇಕಿತ್ತು?"

ತಮ್ಮ ಅತ್ತ. ಅಳು ಸುಳ್ಳಾಗಿರಲಿಲ್ಲ. ಅದೇ ವರ್ತಕನಿಗೆ ಇನ್ನಷ್ಟು ಕಸಿವಿಸಿ ತಂದಿತು. ಸುಳ್ಳು ಅಳುವನ್ನು ಅವನು ಮೆಣಸಿನಕಾಯಿ ಮಂಡಿಯಲ್ಲಿ ದಿನಾ ಕಾಣುತ್ತಿದ್ದ. ನಿಜವಾಗಿ ಅಳುವವನು ನಿಜವಾಗಿಯೇ ಮುಚ್ಚಿಟ್ಟದ್ದನ್ನು ಇದೇ ಮೊದಲು ಕಂಡ.

ಹುಣ್ಣು ಮಾಯುವವರೆಗೆ ಬೋರಲು ಮಲಗಿಸಿದರು. ಮಾಯ್ದ ಮೇಲೆ ಪಾಠ ಶುರುವಾಯಿತು. ಕಲಿಸುವವನು ಮೊದಲು ತಮ್ಮನನ್ನು ಬಾಗಿಲಾಚೆ ನಿಲ್ಲಿಸಿದ. ಆಮೇಲೆ ವರ್ತಕನಿಗೆ ಹೇಳಿದ:

"ಸಾಹುಕಾರರೇ, ನಿಮ್ಮ ಸೊಂಟದ ಕೆಳಗಿನ ಮೈ ಇನ್ನು ಮೇಲೆ ದೂರು ಹೇಳುವುದಿಲ್ಲ. ಸುಟ್ಟರೂ ಸುಮ್ಮನಿರುತ್ತದೆ, ಕೊಳೆತರೂ ಸುಮ್ಮನಿರುತ್ತದೆ. ಅದರ ಮೌನವನ್ನು ನಂಬಬೇಡಿ. ಬೆಳಿಗ್ಗೆ ಸಂಜೆ ಕಣ್ಣಾರೆ ನೋಡಿ. ಬೇರೆಯವರು ನೋಡಿ ಹೇಳಿದ್ದು ಲೆಕ್ಕಕ್ಕಿಲ್ಲ."

ವರ್ತಕನಿಗೆ ಈ ಮನುಷ್ಯ ಹಿಡಿಸಿದ. ಬಿದ್ದ ಮೇಲೆ ಎಲ್ಲರೂ ಅವನಿಗೆ ನಂಬಿಕೆ ಇಡು ಎಂದೇ ಹೇಳಿದ್ದರು. ಅನುಮಾನಿಸು ಎಂದವನು ಇವನೊಬ್ಬನೇ.

ಆದರೆ ಇವನನ್ನೂ ಅವನು ಅನುಮಾನಿಸದೆ ಬಿಡಲಿಲ್ಲ. ಮಂಚದಿಂದ ಗಾಲಿಕುರ್ಚಿಗೆ ನುಣುಪು ಹಲಗೆ ಇಟ್ಟು ಅದರ ಮೇಲೆ ಜಾರಿ ದಾಟಬೇಕು. ವರ್ತಕ ದಾಟಲಾರದೆ ನೆಲಕ್ಕೆ ಬಿದ್ದ. ಕಲಿಸುವವನು ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಏನ್ರೀ, ಕೂಲಿ ತಗೊಳ್ಳೋದು ನೀವು, ಮೂಟೆ ಹೊರೋದು ನಾನು. ಇದು ಯಾವ ಊರಿನ ವ್ಯಾಪಾರ?" ಎಂದು ವರ್ತಕ ನೆಲದಿಂದಲೇ ಬೈದ.

"ಮೂಟೆ ನಿಮ್ಮದು ಸಾಹುಕಾರರೇ. ನಾನು ಹೊತ್ತರೆ ನನ್ನ ತೋಳು ಗಟ್ಟಿಯಾಗುತ್ತದೆ. ಏಳಿ."

ವರ್ತಕ ಎದ್ದ. ಬಿದ್ದ. ಮತ್ತೆ ಎದ್ದ. ತೋಳಿನ ಬಲದಿಂದ ಮೈಯೆತ್ತುವುದು ಕಲಿತ. ಮೂತ್ರದ ನಳಿಕೆ ತಾನೇ ಹಾಕಿ ತೆಗೆಯುವುದು ಕಲಿತ. ಅದು ಕೈಗೆ ಒಗ್ಗಿದ ದಿನ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದ. ಬಿದ್ದ ಮೇಲೆ ಅವನು ಒಬ್ಬನೇ ಇದ್ದದ್ದು ಅದೇ ಮೊದಲು. ಬಾಗಿಲಾಚೆಯಿಂದ ತಮ್ಮ ಆಗಾಗ, "ಅಣ್ಣಾ, ಬರಲೇ?" ಎನ್ನುತ್ತಿದ್ದ.

ಊರಿಗೆ ಮರಳುವಾಗ ವರ್ತಕನಿಗೆ ಬೇಕಾಗಿದ್ದದ್ದು ಒಂದೇ. ಮನೆಯಿಂದ ಅಂಗಡಿಯ ಗಾದಿಯವರೆಗೆ ತಾನಾಗಿ ಹೋಗಬೇಕು. ಬೀದಿ ಸಮವಾಗಿತ್ತು. ಅಡ್ಡಿ ಇದ್ದದ್ದು ಎರಡು ಕಡೆ, ಮನೆಯ ಮೆಟ್ಟಿಲು ಮತ್ತು ಅಂಗಡಿಯ ಕಟ್ಟೆ. ಗಾರೆಯವನನ್ನು ಕರೆಸಿ ಎರಡೂ ಕಡೆ ಇಳಿಜಾರು ಮಾಡಿಸು ಎಂದು ತಮ್ಮನಿಗೆ ಹೇಳಿದ.

"ಮಾಡಿಸೋಣ ಅಣ್ಣಾ" ಎಂದ ತಮ್ಮ.

ಗಾರೆಯವನು ಮದುವೆಗೆ ಹೋಗಿದ್ದ. ಆಮೇಲೆ ಮರಳು ಸಿಗಲಿಲ್ಲ. ಆಮೇಲೆ ಕಟ್ಟುವ ಕೆಲಸಕ್ಕೆ ತಿಂಗಳು ಶುಭವಾಗಿರಲಿಲ್ಲ. ಗಾಲಿಕುರ್ಚಿ ನಡುಮನೆಯಲ್ಲಿ ಓಡಾಟಕ್ಕೆ ಅಡ್ಡವಾಗುತ್ತದೆಂದು ತಮ್ಮ ಅದನ್ನು ಹಿತ್ತಲ ಕೋಣೆಗೆ ಸರಿಸಿದ. ನುಣುಪು ಹಲಗೆಗೆ ಗೆದ್ದಲು ಹಿಡಿದೀತೆಂದು ಅಟ್ಟಕ್ಕೆ ಹಾಕಿದ. ಒಂದೊಂದು ಕಾರಣವೂ ಸರಿಯಾಗಿಯೇ ಇತ್ತು. ಎಲ್ಲ ಕಾರಣಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ವರ್ತಕ ಮತ್ತೆ ತಮ್ಮನ ತೋಳಿಗೆ ಬಂದಿದ್ದ.

ಹೀಗಿರುವಾಗ ಊರಿನ ಹಿರಿಯರು ತಮ್ಮನಿಗೆ ಸನ್ಮಾನ ಮಾಡಬೇಕೆಂದು ತೀರ್ಮಾನಿಸಿದರು. ಮಂಡಿಯ ಅಂಗಳದಲ್ಲಿ ವೇದಿಕೆ, ಶಾಲು, ಪೇಟ, ಹಣ್ಣಿನ ಬುಟ್ಟಿ. ತಮ್ಮ ಅಣ್ಣನನ್ನು ಎತ್ತಿಕೊಂಡು ವೇದಿಕೆ ಹತ್ತಬೇಕು, ಆಗ ಚಪ್ಪಾಳೆ, ಆಮೇಲೆ ಶಾಲು ಎಂದು ನಿಗದಿಯಾಗಿತ್ತು. ಹಿರಿಯರು ವರ್ತಕನ ಬಳಿಗೂ ಬಂದರು. "ನೀವೂ ಎರಡು ಮಾತಾಡಬೇಕು ಸಾಹುಕಾರರೇ" ಎಂದರು.

"ಬರುತ್ತೇನೆ" ಎಂದ ವರ್ತಕ.

ಸನ್ಮಾನದ ದಿನ ತಮ್ಮ ಹೊಸ ಪಂಚೆ ತರಲು ಹೋದ. ಆ ಹೊತ್ತಿನಲ್ಲಿ ವರ್ತಕ ಇಬ್ಬರು ಹಮಾಲರಿಗೆ ಹೇಳಿಕಳಿಸಿದ. ಹಿತ್ತಲಿಂದ ಕುರ್ಚಿ ಬಂತು, ಅಟ್ಟದಿಂದ ಹಲಗೆ ಇಳಿಯಿತು. ವರ್ತಕ ತಾನಾಗಿ ಕುರ್ಚಿಗೆ ದಾಟಿದ. ಮನೆಯ ಮೆಟ್ಟಿಲಿಗೆ ಏನು ಮಾಡುವುದೆಂದು ನೋಡುವಾಗ ಅವನಿಗೆ ನಗು ಬಂತು. ಚೀಲಗಳನ್ನು ಲಾರಿಗೆ ಏರಿಸಲು ಮಂಡಿಯ ಪ್ರತಿ ಅಂಗಡಿಯಲ್ಲೂ ಉದ್ದನೆಯ ದಪ್ಪ ಹಲಗೆಗಳಿರುತ್ತವೆ. ಅವನ ಅಂಗಡಿಯಲ್ಲೇ ನಾಲ್ಕಾರು ಬಿದ್ದಿದ್ದವು, ಅವನ್ನು ತರಿಸಿದ. ಚೀಲ ಏರಲು ಊರೆಲ್ಲ ಇಳಿಜಾರು ಇದ್ದರೂ, ಚೀಲದ ಯಜಮಾನನಿಗೆ ಗಾರೆಯವನು ಬರಬೇಕು ಎಂದು ಅವನೂ ಕಾದಿದ್ದ.

"ಸಾವ್ಕಾರ್ರೇ, ನಾವು ಎತ್ತಿ ಇಳಿಸ್ತೀವಿ, ಹಲಗೆ ಯಾಕೆ?" ಎಂದ ಹಮಾಲ.

"ಎತ್ತುವವರಿಗೆ ಇವತ್ತು ಶಾಲು ಹಾಕ್ತಾರಂತೆ. ನಿನಗೂ ಬೇಕೇನೋ?" ಎಂದ ವರ್ತಕ. ಹಮಾಲರು ನಕ್ಕು ಹಲಗೆ ಹಾಕಿದರು.

ವರ್ತಕ ಬೀದಿಯಲ್ಲಿ ಗಾಲಿ ತಿರುಗಿಸಿಕೊಂಡು ಹೋದ. ವೇದಿಕೆಗೂ ಎರಡು ಹಲಗೆ ಜೋಡಿಸಿ ಹಾಕಿಸಿದ. ಜನ ಸೇರಿದ್ದರು. ಅವನು ಉಸಿರು ಬಿಗಿಹಿಡಿದು ಗಾಲಿ ನೂಕಿದ. ನಡುವೆ ಒಮ್ಮೆ ಕುರ್ಚಿ ಹಿಂದಕ್ಕೆ ಜಾರಿತು. ಹಮಾಲರು ಕೈಚಾಚಿದರು. ಅವನು ಬೇಡವೆಂದು ತಲೆಯಾಡಿಸಿದ. ಮೇಲೆ ಹತ್ತಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಶಾಲು ಹಿಡಿದ ಹಿರಿಯರು ಅದನ್ನು ಮಡಿಸುವುದೋ ಬಿಡಿಸುವುದೋ ತಿಳಿಯದೆ ನಿಂತರು. "ತಮ್ಮನಿಗೆ ಬೇಕಂತಲೇ ಅವಮಾನ ಮಾಡಿದ ನೋಡು" ಎಂದ ಒಬ್ಬ. "ಉಪಕಾರ ನೆನೆಯದವನು" ಎಂದ ಇನ್ನೊಬ್ಬ.

ತಮ್ಮ ಹೊಸ ಪಂಚೆಯುಟ್ಟು ವೇದಿಕೆಯ ಕೆಳಗೆ ನಿಂತಿದ್ದ. ತೋಳುಗಳು ಬರಿದಾಗಿದ್ದವು. ವರ್ತಕ ಅವನ ಮುಖವನ್ನೇ ನೋಡಿದ. ಅಣ್ಣ ಹತ್ತಿದನಲ್ಲ ಎಂಬ ಸಂತೋಷ ಅದರಲ್ಲಿ ಎಲ್ಲೂ ಇರಲಿಲ್ಲ. ಮನೆಯೊಳಗಿಂದ ಏನೋ ಕಳುವಾದವನ ಸಿಟ್ಟು ಅಲ್ಲಿತ್ತು. ವರ್ತಕ ಇಷ್ಟು ದಿನ ಹುಡುಕುತ್ತಿದ್ದ ತಳ ಆಗ ಕೈಗೆ ಸಿಕ್ಕಿತು.

"ಮೇಲೆ ಬಾ ತಮ್ಮಾ. ಹಲಗೆ ಗಟ್ಟಿಯಾಗಿದೆ" ಎಂದು ಕರೆದ.

ತಮ್ಮ ಬರಲಿಲ್ಲ.

ಮರುದಿನ ವರ್ತಕ ತಾನಾಗಿ ಅಂಗಡಿಗೆ ಹೋಗಿ ಗಾದಿಯ ಮೇಲೆ ಕೂತಿದ್ದ. ತಮ್ಮ ಬಂದು ಕಟ್ಟೆಯ ಕೆಳಗೆ ನಿಂತ. "ಅಣ್ಣಾ, ಇನ್ನು ನನಗೇನು ಕೆಲಸ?" ಎಂದ.

"ಅಂಗಡಿ ತುಂಬ ಕೆಲಸವಿದೆ. ನನ್ನ ಪಕ್ಕ ಕೂರು, ಕಾಯಿ ನೋಡುವುದು ಕಲಿ. ನನ್ನ ನಂತರ ಇದೆಲ್ಲ ನಿನ್ನದೇ."

ಅಂಗಡಿ ಬೇಕಿದ್ದವನಾದರೆ ಕೂರುತ್ತಿದ್ದ. ತಮ್ಮ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದ. ಯಾರೂ ಎದ್ದು ನಿಂತಿರಲಿಲ್ಲ. ಅವನು ಬಸ್ಸು ಹತ್ತಿ ಬಟ್ಟೆ ಅಂಗಡಿಯ ಕೆಲಸಕ್ಕೆ ಮರಳಿ ಹೋದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಪಂಚಯ್ಯ, "ಆ ತಮ್ಮನಿಗೆ ಹೊಗಳಿಕೆಯ ರುಚಿ ಹತ್ತಿತ್ತು ಬುದ್ಧೀ. ನನ್ನದು ಹಾಗಲ್ಲ. ನನಗೆ ಶಾಲು ಬೇಡ, ಯಾರೂ ನೋಡುವುದೂ ಬೇಡ. ಗುರುಬಾಳ ಚೆನ್ನಾಗಿದ್ದರೆ ಅಷ್ಟೇ ಸಾಕು" ಎಂದ.

"ಒಳ್ಳೆಯದು. ನಾಳೆಯಿಂದ ನನ್ನ ಸ್ನಾನ ನಾನೇ ಮಾಡಿಕೊಳ್ಳುತ್ತೇನೆ, ಪಂಚಯ್ಯ ಬರುವುದು ಬೇಡ ಎಂದು ಗುರುಬಾಳ ಆಗಲೇ ನನಗೆ ಹೇಳಿಕಳಿಸಿದ್ದಾನೆ. ಈಗ ನಿನ್ನೊಳಗೆ ಆಗುತ್ತಿರುವುದು ಸಂತೋಷವೇ?" ಎಂದರು ಗುರುಗಳು.