ಕುಂಬಳಕಾಯಿಯ ಕಾವಲು

ಇಂಟರ್‌ನೆಟ್ಟಿನಿಂದ ನುಗ್ಗಿದ ಯಾವನೋ ಕಳ್ಳ ಪುರಸಭೆಯ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದು ಮೂರು ದಿನವಾಗಿತ್ತು. ಊರಿನವರ ಹುಟ್ಟು, ಸಾವು, ಮನೆಖಾತೆ ಎಲ್ಲ ಒಳಗೇ ಸಿಕ್ಕಿಕೊಂಡಿದ್ದವು. ಹೊರಗೆ ಒಂದರದ್ದೂ ನಕಲಿರಲಿಲ್ಲ.

ಮುಖ್ಯಾಧಿಕಾರಿಗಳು ಗುಮಾಸ್ತ ಹಾಲಪ್ಪನನ್ನು ಕರೆದರು. "ಮೇಲಿನವರು ವರದಿ ಕೇಳಿದ್ದಾರೆ ಕಣಯ್ಯ. ರಕ್ಷಣೆಗೆ ನಾನು ಎಲ್ಲ ಕ್ರಮ ತಗೊಂಡಿದ್ದೆ, ತಪ್ಪು ನಿಂದೇ ಅಂತ ಬರಿ. ಇಲ್ಲಾಂದ್ರೆ ಇವತ್ತೇ ನಿನ್ನ ಮನೆಗೆ ಕಳಿಸ್ತೀನಿ."

"ಆಗಲಿ ಸಾರ್" ಅಂದ ಹಾಲಪ್ಪ, ಕೈಯಲ್ಲೇ ಬರೆದು ತಂದ.

ಸಾಹೇಬರು ಓದಿದರು: "ಮುಖ್ಯಾಧಿಕಾರಿಗಳು ಕಂಪ್ಯೂಟರುಗಳ ರಕ್ಷಣೆಗೆ ತಪ್ಪದೆ ಕ್ರಮ ಕೈಗೊಂಡಿದ್ದಾರೆ. ಪ್ರತಿ ಆಯುಧಪೂಜೆಗೂ ಒಂದೊಂದಕ್ಕೂ ಚೆಂಡುಹೂವಿನ ಹಾರ ಹಾಕಿಸಿ, ನಿಂಬೆಹಣ್ಣು ಇಡಿಸಿ, ಬಾಗಿಲಲ್ಲಿ ಕುಂಬಳಕಾಯಿ ಒಡೆಸಿದ್ದಾರೆ. ಅವರೇ ಸಹಿ ಮಾಡಿದ ಬಿಲ್ಲುಗಳನ್ನು ಲಗತ್ತಿಸಿದೆ. ರಕ್ಷಣೆಯ ಸಾಫ್ಟ್‌ವೇರ್ ಕೊಳ್ಳಿ, ದಾಖಲೆಗಳ ನಕಲು ಇಡಿಸಿ ಎಂದು ಗುಮಾಸ್ತ ವರ್ಷಕ್ಕೊಂದರಂತೆ ಕೊಟ್ಟ ಮೂರು ಅರ್ಜಿಗಳನ್ನೂ ಲಗತ್ತಿಸಿದೆ. ಮೂರರ ಮೇಲೂ 'ಈಗೇನು ಅವಸರ' ಎಂಬ ಅವರದೇ ಷರಾ ಇದೆ."

ಸಾಹೇಬರ ಮುಖ ಒಡೆದ ಕುಂಬಳಕಾಯಿಯ ಕುಂಕುಮದಷ್ಟು ಕೆಂಪಾಯಿತು. ಎಲ್ಲವನ್ನೂ ಪರಪರ ಹರಿದು ಬುಟ್ಟಿಗೆ ಎಸೆದರು.

"ಹರೀರಿ ಸಾರ್" ಅಂದ ಹಾಲಪ್ಪ. "ಈ ಆಫೀಸಲ್ಲಿ ನಕಲು ಇಟ್ಟಿರೋದು ಇದೊಂದಕ್ಕೇ."

ಸಾಹೇಬರು ಕುರ್ಚಿಯಲ್ಲಿ ಕುಸಿದು, "ಹೋಗು ಮಾರಾಯ, ಹೋಗಿ ನಿನ್ನ ಕೆಲಸ ನೋಡು" ಅಂದರು.

ಹಾಲಪ್ಪ ಗೆದ್ದ ಖುಷಿಯಲ್ಲಿ ಹೊರಗೆ ಬಂದ. ಗಂಡನ ಮರಣಪತ್ರಕ್ಕೆಂದು ಮೂರು ದಿನದಿಂದ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸು ಎದ್ದು ನಿಂತಳು.

"ಸಿಕ್ತಾ ಅಣ್ಣ?"

ಹಾಲಪ್ಪನ ಖುಷಿ ಅಲ್ಲೇ ಇಳಿಯಿತು; ಅವಳ ಪಕ್ಕದ ಮೆಟ್ಟಿಲ ಮೇಲೆ ಅವನೂ ಕೂತ.